ಪ್ರಾಸ್ಟೇಟ್ ಕ್ಯಾನ್ಸರ್: ವೈದ್ಯರ ಲಾಭ, ರೋಗಿಯ ಹಿತ

ಕಳೆದ ಕಾರ್ತೀಕ ಮಾಸದಲ್ಲಿ ಶ್ರೀಮಠದ ದಾಸೋಹ ಮುಗಿಸಿ ಬಂದ ನಿವೃತ್ತ ಶಿಕ್ಷಕರೊಬ್ಬರು ಕೈಚೀಲದಿಂದ ದಪ್ಪನೆಯ ಕಡತವೊಂದನ್ನು ತೆಗೆದು ನಮ್ಮ ಮುಂದಿಟ್ಟರು. ಅವರ ವಯಸ್ಸು 71. ಆಸ್ಪತ್ರೆಯೊಂದರ ಸಮಗ್ರ ತಪಾಸಣೆಯಲ್ಲಿ ರಕ್ತದ ಪಿ.ಎಸ್.ಎ. ಪ್ರಮಾಣ 6.8 ಎಂದು ಬಂದಿತ್ತು. ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದುಬಂದಿತ್ತು; ಗ್ಲೀಸನ್ ಅಂಕ 6. ಒಬ್ಬ ತಜ್ಞರು ಶಸ್ತ್ರಚಿಕಿತ್ಸೆಯೇ ಸರಿ ಎಂದಿದ್ದರು. ಮತ್ತೊಬ್ಬರು ವಿಕಿರಣ ಚಿಕಿತ್ಸೆ ಸಾಕು ಎಂದಿದ್ದರು. ಅಮೆರಿಕೆಯಲ್ಲಿರುವ ಮಗ, ಅಲ್ಲಿಯ ವೈದ್ಯರನ್ನು ವಿಚಾರಿಸಿ, ಸದ್ಯಕ್ಕೆ ಏನನ್ನೂ ಮಾಡಿಸದೆ ಪರೀಕ್ಷಿಸುತ್ತ ಹೋಗುವುದೇ ಒಳಿತು ಎಂದು ದೂರವಾಣಿಯಲ್ಲಿ ಹೇಳಿದ್ದನು. "ಮೂವರು ಮೂರು ಮಾತು ಹೇಳ್ತಾರಲ್ಲ ಡಾಕ್ಟ್ರೇ, ಇದರಲ್ಲಿ ಸುಳ್ಳು ಯಾರದು?" ಎಂದು ಅವರು ಕೇಳಿದರು.

ಸುಳ್ಳು ಯಾರದೂ ಆಗಿರಬೇಕಾಗಿಲ್ಲ ಎಂದು ನಾವು ಉತ್ತರಿಸಿದೆವು. ಆದರೆ ಆ ಉತ್ತರ ಅವರಿಗೆ ಸಮಾಧಾನ ತರಲಿಲ್ಲ. ಮನೆಗೆ ಬಂದ ಮೇಲೆ ನಮಗೂ ತರಲಿಲ್ಲ. ಒಂದೇ ರೋಗಕ್ಕೆ ಪ್ರಾಮಾಣಿಕರಾದ ವೈದ್ಯರು ಬೇರೆ ಬೇರೆ ಚಿಕಿತ್ಸೆ ಹೇಳುವುದೇಕೆ, ಅದರಲ್ಲಿ ವಿದ್ಯೆಯ ಪಾಲೆಷ್ಟು, ಹಣದ ಪಾಲೆಷ್ಟು ಎಂಬುದನ್ನು ಅಳತೆ ಹಾಕಿ ನೋಡಿದ ದೇಶವೊಂದಿದ್ದರೆ ಅದು ಅಮೆರಿಕ. ಅಲ್ಲಿಯ ವಿಷಯವನ್ನು ಭಕ್ತರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವೆವು. ಮೂತ್ರಾಶಯದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದಲ್ಲಿ ಪುರುಷರಿಗೆ ಮಾತ್ರ ಇರುವ ಗ್ರಂಥಿ ಇದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತಗಳನ್ನು ಹೇಳುವಾಗ ವಾತಾಷ್ಠೀಲಾ ಎಂಬ ಗಟ್ಟಿ ಗಂಟಿನ ವರ್ಣನೆ ಬರುತ್ತದೆ. ನಮ್ಮ ಕಾಲದ ಆಯುರ್ವೇದ ಅಧ್ಯಾಪಕರು ಅದನ್ನು ಪ್ರಾಸ್ಟೇಟಿನ ಊತಕ್ಕೆ ಹೋಲಿಸಿ ಪಾಠ ಹೇಳುತ್ತಿದ್ದರು. ವಯಸ್ಸಾದಂತೆ ಈ ಗ್ರಂಥಿ ಊದಿಕೊಳ್ಳುವುದು ಸಾಮಾನ್ಯ. ಊತವೆಲ್ಲ ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆದರೂ ಎಲ್ಲವೂ ಒಂದೇ ಜಾತಿಯದಲ್ಲ. ಕೆಲವು ಕೆಲವೇ ವರ್ಷಗಳಲ್ಲಿ ಎಲುಬಿಗೆ ಹಬ್ಬುತ್ತವೆ. ಬಹಳಷ್ಟು ಮಾತ್ರ ಎಷ್ಟು ನಿಧಾನವಾಗಿ ಬೆಳೆಯುತ್ತವೆಂದರೆ, ರೋಗಿಯು ಬೇರಾವುದೋ ಕಾರಣದಿಂದ ತನ್ನ ತುಂಬು ಆಯುಷ್ಯ ಮುಗಿಸಿ ಹೋಗುವವರೆಗೂ ಅವು ತೊಂದರೆ ಕೊಡುವುದಿಲ್ಲ. ರಕ್ತದ ಪಿ.ಎಸ್.ಎ. ಪರೀಕ್ಷೆ ಬಳಕೆಗೆ ಬಂದ ಮೇಲೆ ಈ ಎರಡನೆಯ ಜಾತಿಯ ಕ್ಯಾನ್ಸರುಗಳು ಅಧಿಕ ಸಂಖ್ಯೆಯಲ್ಲಿ ಪತ್ತೆಯಾಗತೊಡಗಿದವು. ಗ್ಲೀಸನ್ ಅಂಕವೆಂದರೆ ಸೂಕ್ಷ್ಮದರ್ಶಕದಲ್ಲಿ ಆ ಜೀವಕೋಶಗಳು ಎಷ್ಟು ಉಗ್ರವಾಗಿ ಕಾಣುತ್ತವೆ ಎಂಬುದರ ಎಣಿಕೆ. 6 ಎಂದರೆ ಸೌಮ್ಯ, 8ರಿಂದ 10 ಎಂದರೆ ಉಗ್ರ.

ಸೌಮ್ಯ ಹಾಗೂ ಮಧ್ಯಮ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಮೇಲು? ಇದನ್ನು ತಿಳಿಯಲು ಬ್ರಿಟನ್ನಿನಲ್ಲಿ ಪ್ರೊಟೆಕ್ಟ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಪುರುಷರನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವಿಕಿರಣ, ಒಂದಕ್ಕೆ ಕಾಲಕಾಲದ ನಿಗಾ ಮಾತ್ರ ಎಂದು ನಿಗದಿಪಡಿಸಿದರು. 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ಮರಣ ಹೊಂದಿದವರು ಒಟ್ಟು 45 ಮಂದಿ: ನಿಗಾದ ಗುಂಪಿನಲ್ಲಿ 17, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 12, ವಿಕಿರಣದ ಗುಂಪಿನಲ್ಲಿ 16. ಅಂದರೆ ಯಾವ ಗುಂಪಿಗೆ ಸೇರಿದ್ದರೂ ನೂರರಲ್ಲಿ ಸುಮಾರು 97 ಮಂದಿ ಈ ರೋಗದಿಂದ ಸಾಯಲಿಲ್ಲ. ಹಾಗೆಂದು ನಿಗಾ ಎಂಬುದು ಸಂಪೂರ್ಣ ನಿರಪಾಯವೆಂದಲ್ಲ. ಆ ಗುಂಪಿನ ನೂರಕ್ಕೆ ಒಂಬತ್ತು ಮಂದಿಯಲ್ಲಿ ರೋಗ ಬೇರೆಡೆಗೆ ಹಬ್ಬಿತು. ಉಳಿದೆರಡು ಗುಂಪುಗಳಲ್ಲಿ ಅದು ನೂರಕ್ಕೆ ಐದರಷ್ಟು. ನಿಗಾದಲ್ಲಿದ್ದವರ ಪೈಕಿ ನೂರಕ್ಕೆ ಸುಮಾರು 61 ಮಂದಿ ಮುಂದೆ ಎಂದಾದರೊಮ್ಮೆ ಶಸ್ತ್ರಚಿಕಿತ್ಸೆಯನ್ನೋ ವಿಕಿರಣವನ್ನೋ ಪಡೆದೇ ಪಡೆದರು. ಆದರೆ ಉಳಿದವರು ಆ ಕಷ್ಟವಿಲ್ಲದೆಯೇ ಬದುಕಿದರು. ಆ ಕಷ್ಟವಾದರೂ ಸಣ್ಣದಲ್ಲ: ಶಸ್ತ್ರಚಿಕಿತ್ಸೆಯಾದವರಲ್ಲಿ ಹಲವರಿಗೆ ಮೂತ್ರ ತಡೆದುಕೊಳ್ಳಲಾಗದ ಬಾಧೆ ಮತ್ತು ನಪುಂಸಕತೆ, ವಿಕಿರಣ ಪಡೆದವರಿಗೆ ಮಲಾಶಯದ ತೊಂದರೆ ಉಂಟಾಗುತ್ತವೆ. ಪೂಜೆಗೆ ಕುಳಿತವನು ಮೂತ್ರ ಜಿನುಗುವ ಭಯದಿಂದ ನಡುವೆಯೇ ಎದ್ದುಹೋಗಬೇಕಾದ ಸಂಕಟವನ್ನು ಅನುಭವಿಸಿದವನೇ ಬಲ್ಲ.

ಹೀಗೆ ಆಯುಷ್ಯದ ಲೆಕ್ಕದಲ್ಲಿ ಮೂರು ದಾರಿಗಳೂ ಹೆಚ್ಚುಕಡಿಮೆ ಒಂದೇ ಊರಿಗೆ ಹೋಗುವಾಗ, ಯಾವ ದಾರಿ ಹಿಡಿಯಬೇಕೆಂಬುದನ್ನು ರೋಗಿಯ ವಯಸ್ಸು, ದೇಹಬಲ, ಇತರ ಕಾಯಿಲೆಗಳು ಮತ್ತು ಅವನ ಇಷ್ಟ ನಿರ್ಧರಿಸಬೇಕು. ನಡೆಯುವುದು ಹಾಗಲ್ಲ. 2000ದಲ್ಲಿ ಅಮೆರಿಕೆಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಮೂತ್ರರೋಗ ತಜ್ಞರಲ್ಲಿ, ಎಂದರೆ ಈ ಶಸ್ತ್ರಚಿಕಿತ್ಸೆ ಮಾಡುವವರಲ್ಲಿ, ನೂರಕ್ಕೆ 93 ಮಂದಿ ಶಸ್ತ್ರಚಿಕಿತ್ಸೆಯನ್ನೇ ಆರಿಸಿದರು. ವಿಕಿರಣ ತಜ್ಞರಲ್ಲಿ ನೂರಕ್ಕೆ 72 ಮಂದಿ ವಿಕಿರಣವೂ ಶಸ್ತ್ರಚಿಕಿತ್ಸೆಯಷ್ಟೇ ಸಮರ್ಥವೆಂದರು. ಇಲ್ಲಿ ಹಣದಾಸೆಯನ್ನು ಎಳೆದು ತರಬೇಕಾಗಿಲ್ಲ. ಮೂವತ್ತು ವರ್ಷ ಒಂದೇ ವಿದ್ಯೆಯನ್ನು ಸಾಧಿಸಿದವನಿಗೆ ಅದರಲ್ಲಿ ನಂಬಿಕೆ ಬೇರೂರುವುದು ಸಹಜ. ನಮಗೆ ಪಂಚಕರ್ಮದಲ್ಲಿರುವ ನಂಬಿಕೆಯೂ ಅಂತಹದೇ. ಆದರೆ ಈ ಸಹಜವಾದ ಒಲವಿನ ಜೊತೆಗೆ ಹಣವೂ ಸೇರಿದಾಗ ಏನಾಗುತ್ತದೆ ಎಂಬುದಕ್ಕೆ ಎರಡು ದೃಷ್ಟಾಂತಗಳಿವೆ.

ಮೊದಲನೆಯದು ಚುಚ್ಚುಮದ್ದಿನದು. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯಲು ವೃಷಣಗಳಲ್ಲಿ ಹುಟ್ಟುವ ಪುರುಷ ಹಾರ್ಮೋನ್ ಬೇಕು. ವೃಷಣಗಳನ್ನು ತೆಗೆದರೆ ರೋಗ ಇಳಿಯುತ್ತದೆಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯವಿಜ್ಞಾನಿ 1941ರಲ್ಲಿ ತೋರಿಸಿದರು. ಅದಕ್ಕಾಗಿ 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದು ಒಮ್ಮೆ ಮಾಡಿ ಮುಗಿಸುವ, ಅಲ್ಪ ಖರ್ಚಿನ ಸಣ್ಣ ಶಸ್ತ್ರಕ್ರಿಯೆ. ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ರೋಗ ಹಬ್ಬಿದ ಬಡ ರೋಗಿಗಳಿಗೆ ಇಂದಿಗೂ ಅದೇ ಆಧಾರ. 1985ರಲ್ಲಿ ಲ್ಯೂಪ್ರಾನ್ ಎಂಬ ಔಷಧಕ್ಕೆ ಅಮೆರಿಕೆಯಲ್ಲಿ ಅನುಮತಿ ದೊರೆತ ಮೇಲೆ ಶಸ್ತ್ರವಿಲ್ಲದೆ ಅದೇ ಪರಿಣಾಮ ಪಡೆಯುವುದು ಸಾಧ್ಯವಾಯಿತು. ರೋಗಿಗಳಿಗೆ ಇದು ನಿಜವಾಗಿಯೂ ಮನಸ್ಸಿಗೆ ಹಿತವಾದ ದಾರಿ, ಅಂಗವನ್ನು ಕಳೆದುಕೊಳ್ಳಬೇಕಾಗಿಲ್ಲ. ಆದರೆ ಚುಚ್ಚುಮದ್ದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಪಡೆಯುತ್ತಿರಬೇಕು.

ಇಲ್ಲಿಯೇ ಹಣದ ದಾರಿ ತೆರೆದದ್ದು. ಅಮೆರಿಕೆಯಲ್ಲಿ ವೃದ್ಧರ ಚಿಕಿತ್ಸೆಯ ವೆಚ್ಚವನ್ನು ಮೆಡಿಕೇರ್ ಎಂಬ ಸರಕಾರಿ ವಿಮೆ ಭರಿಸುತ್ತದೆ. ಅದು ಔಷಧದ ಮುದ್ರಿತ ಸಗಟು ದರದ ನೂರಕ್ಕೆ 95ರಷ್ಟನ್ನು ವೈದ್ಯರಿಗೆ ಕೊಡುತ್ತಿತ್ತು. ವೈದ್ಯರು ಕಂಪನಿಯಿಂದ ಕೊಳ್ಳುತ್ತಿದ್ದ ಬೆಲೆ ಅದಕ್ಕಿಂತ ಬಹಳ ಕಡಿಮೆ. ನಡುವಿನ ವ್ಯತ್ಯಾಸ ವೈದ್ಯರ ಜೇಬಿಗೆ. ಕೆಲವರಂತೂ ಕಂಪನಿಯು ಉಚಿತವಾಗಿ ಕೊಟ್ಟ ಮಾದರಿ ಔಷಧವನ್ನು ಚುಚ್ಚಿ ಅದಕ್ಕೂ ಸರಕಾರಕ್ಕೆ ಬಿಲ್ಲು ಬರೆದರು. 2001ರಲ್ಲಿ ಆ ಔಷಧದ ತಯಾರಕರಾದ ಟ್ಯಾಪ್ ಫಾರ್ಮಾಸ್ಯುಟಿಕಲ್ ಪ್ರಾಡಕ್ಟ್ಸ್ ಕಂಪನಿ ತಪ್ಪೊಪ್ಪಿಕೊಂಡು, ದಂಡ ಮತ್ತು ಪರಿಹಾರವೆಂದು 87.5 ಕೋಟಿ ಡಾಲರ್ ತೆರಲು ಸಮ್ಮತಿಸಿತು.

ನಮಗೆ ಹೆಚ್ಚು ವಿಚಾರಯೋಗ್ಯವೆನಿಸುವುದು ಆ ಅಪರಾಧವಲ್ಲ, ಅನಂತರ ನಡೆದ ಸಂಗತಿ. 2003ರ ಕಾನೂನೊಂದು ಈ ಲಾಭವನ್ನು ಕತ್ತರಿಸಿತು. 2005ರಿಂದ ವೈದ್ಯರಿಗೆ ಔಷಧದ ನಿಜವಾದ ಸರಾಸರಿ ಮಾರಾಟ ದರದ ಮೇಲೆ ನೂರಕ್ಕೆ 6 ಮಾತ್ರ ದೊರೆಯತೊಡಗಿತು. ರೋಗ ಬದಲಾಗಿರಲಿಲ್ಲ, ಔಷಧ ಬದಲಾಗಿರಲಿಲ್ಲ, ಗ್ರಂಥಗಳಲ್ಲಿ ಬರೆದದ್ದೂ ಬದಲಾಗಿರಲಿಲ್ಲ. ಬದಲಾದದ್ದು ಬೆಲೆ ಒಂದೇ. 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಈ ಚುಚ್ಚುಮದ್ದಿನಿಂದ ಪ್ರಯೋಜನವಿಲ್ಲವೆಂದು ತಿಳಿದಿದ್ದ ಸೌಮ್ಯ ರೋಗಿಗಳಲ್ಲಿ ಅದನ್ನು ಪಡೆದವರ ಪ್ರಮಾಣ 2003ರಲ್ಲಿ ನೂರಕ್ಕೆ 38.7 ಇದ್ದದ್ದು 2004ರಲ್ಲಿ 30.6ಕ್ಕೂ 2005ರಲ್ಲಿ 25.7ಕ್ಕೂ ಇಳಿಯಿತು. ನಿಜವಾಗಿ ಬೇಕಾಗಿದ್ದ ರೋಗಿಗಳಲ್ಲಿ ಬಳಕೆ ಇಳಿಯಲಿಲ್ಲ. ಆ ಚುಚ್ಚುಮದ್ದು ನಿರುಪದ್ರವಿಯೂ ಅಲ್ಲ: ಎಲುಬು ಸವೆಯುತ್ತದೆ, ಸ್ನಾಯುಬಲ ಕುಗ್ಗುತ್ತದೆ, ಮೈ ಕಾವೇರಿ ಬೆವರುತ್ತದೆ, ಸಕ್ಕರೆ ಕಾಯಿಲೆಯ ಸಂಭವ ಹೆಚ್ಚುತ್ತದೆ. ಬೆಲೆ ಇಳಿದೊಡನೆ ನಿಂತುಹೋದ ಚುಚ್ಚುಮದ್ದುಗಳು ಅದಕ್ಕೆ ಮೊದಲು ಯಾರ ಹಿತಕ್ಕಾಗಿ ನಡೆದಿದ್ದವು ಎಂದು ಕೇಳಿಕೊಂಡಾಗ ಮನಸ್ಸು ಭಾರವಾಗುತ್ತದೆ. ಆ ವೈದ್ಯರಲ್ಲಿ ಬಹುಪಾಲು ಮಂದಿ ತಾವು ಹಣಕ್ಕಾಗಿ ಚುಚ್ಚುತ್ತಿದ್ದೇವೆಂದು ಭಾವಿಸಿರಲಾರರು. ಲಾಭವು ನಿರ್ಣಯದೊಳಕ್ಕೆ ಹೆಜ್ಜೆಯ ಸಪ್ಪಳವಿಲ್ಲದೆ ಬರುತ್ತದೆ.

ಎರಡನೆಯ ದೃಷ್ಟಾಂತ ಯಂತ್ರದ್ದು. ಅಮೆರಿಕೆಯಲ್ಲಿ ವೈದ್ಯನು ತನಗೆ ಹಣಕಾಸಿನ ಪಾಲಿರುವ ಪ್ರಯೋಗಾಲಯಕ್ಕೆ ಮೆಡಿಕೇರ್ ರೋಗಿಯನ್ನು ಕಳುಹಿಸಬಾರದೆಂದು 1989ರಲ್ಲಿ ಕಾನೂನಾಯಿತು. ಅದನ್ನು ತಂದ ಸಂಸದ ಪೀಟ್ ಸ್ಟಾರ್ಕ್ ಅವರ ಹೆಸರಿನಿಂದ ಸ್ಟಾರ್ಕ್ ಕಾನೂನೆಂದೇ ಅದು ಪ್ರಸಿದ್ಧ. ಮುಂದೆ 1993ರಲ್ಲಿ ಅದು ವಿಕಿರಣ ಚಿಕಿತ್ಸೆಯೇ ಮೊದಲಾದ ಸೇವೆಗಳಿಗೂ ವಿಸ್ತರಿಸಿತು. ಆದರೆ ಒಂದು ಕಿಂಡಿ ಉಳಿಯಿತು: ವೈದ್ಯರ ಗುಂಪು ತನ್ನದೇ ಚಿಕಿತ್ಸಾಲಯದ ಅಂಗವಾಗಿ ನಡೆಸುವ ಸೇವೆಗೆ ನಿಷೇಧವಿಲ್ಲ. ರೋಗಿಯ ಮುಂದೆಯೇ ಒಂದು ರಕ್ತ ಪರೀಕ್ಷೆಯನ್ನೋ ಎಕ್ಸ್‌ರೇಯನ್ನೋ ಮಾಡಿಕೊಡಲು ಅನುಕೂಲವಾಗಲೆಂದು ಇಟ್ಟ ವಿನಾಯಿತಿ ಅದು. ಆ ಕಿಂಡಿಯಲ್ಲಿ ಕೋಟಿಗಟ್ಟಲೆ ಬೆಲೆಯ ವಿಕಿರಣ ಯಂತ್ರವೇ ನುಸುಳಿತು. ಮೂತ್ರರೋಗ ತಜ್ಞರು ಹತ್ತಿಪ್ಪತ್ತು ಮಂದಿ ಒಟ್ಟುಗೂಡಿ ಐ.ಎಂ.ಆರ್.ಟಿ. ಎಂಬ ಸೂಕ್ಷ್ಮ ವಿಕಿರಣ ಚಿಕಿತ್ಸೆಯ ಯಂತ್ರವನ್ನು ಕೊಂಡು, ವಿಕಿರಣ ತಜ್ಞರನ್ನು ನೇಮಿಸಿಕೊಂಡರು. ಅಂದಿನ ಪದ್ಧತಿಯಲ್ಲಿ ಸುಮಾರು 40 ದಿನಗಳ ಒಂದು ಪೂರ್ಣ ಚಿಕಿತ್ಸೆಗೆ ಮೆಡಿಕೇರ್ ಸುಮಾರು 31 ಸಾವಿರ ಡಾಲರ್ ಕೊಡುತ್ತಿತ್ತು. ಶಸ್ತ್ರಚಿಕಿತ್ಸೆಗೆ ದೊರೆಯುತ್ತಿದ್ದುದು ಅದರ ಅರ್ಧದಷ್ಟು. ಸುಮ್ಮನೆ ನಿಗಾ ಇಟ್ಟರೆ ದೊರೆಯುವುದು ಭೇಟಿಯ ಶುಲ್ಕ ಮಾತ್ರ.

ಅರ್ಥಶಾಸ್ತ್ರಜ್ಞೆ ಜೀನ್ ಮಿಚೆಲ್ ಅವರು 2005ರಿಂದ 2010ರವರೆಗಿನ ಮೆಡಿಕೇರ್ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಅದೇ ನ್ಯೂ ಇಂಗ್ಲೆಂಡ್ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಯಂತ್ರವನ್ನು ಕೊಳ್ಳುವ ಮೊದಲು ಈ ತಜ್ಞರ ಹೊಸ ರೋಗಿಗಳಲ್ಲಿ ನೂರಕ್ಕೆ 13.1 ಮಂದಿಗೆ ಐ.ಎಂ.ಆರ್.ಟಿ. ನಡೆಯುತ್ತಿತ್ತು, ಕೊಂಡ ಮೇಲೆ ಅದು 32.3ಕ್ಕೆ ಏರಿತು. ಅದೇ ಕಾಲದಲ್ಲಿ, ಅದೇ ರೋಗಕ್ಕೆ, ಯಂತ್ರವಿಲ್ಲದ ತಜ್ಞರ ರೋಗಿಗಳಲ್ಲಿ ಅದು 14.3ರಿಂದ 15.6ಕ್ಕೆ ಹೋಯಿತು, ಅಷ್ಟೆ. ಅದೇ ವರ್ಷ ಅಮೆರಿಕೆಯ ಸರಕಾರಿ ಲೆಕ್ಕಪರಿಶೋಧನಾ ಸಂಸ್ಥೆಯೂ ತನ್ನ ವರದಿಯಲ್ಲಿ ಇದೇ ದಿಕ್ಕನ್ನು ತೋರಿಸಿತು. ಯಂತ್ರದಲ್ಲಿ ತಮಗೆ ಹಣಕಾಸಿನ ಪಾಲಿದೆ ಎಂಬುದನ್ನು ವೈದ್ಯರು ರೋಗಿಗೆ ತಿಳಿಸುವಂತೆ ವಿಧಿಸುವುದನ್ನು ಸಂಸತ್ತು ಪರಿಗಣಿಸಬೇಕೆಂದೂ ಹೇಳಿತು.

ಇಲ್ಲೊಂದು ಸ್ವಾರಸ್ಯವನ್ನು ಓದುಗರು ಗಮನಿಸಬೇಕು. ಮಿಚೆಲ್ ಅವರ ಅಧ್ಯಯನಕ್ಕೆ ಹಣ ಒದಗಿಸಿದ್ದು ವಿಕಿರಣ ತಜ್ಞರ ಸಂಘ! ಮೂತ್ರರೋಗ ತಜ್ಞರು ತಾವೇ ಯಂತ್ರ ಕೊಂಡರೆ ಯಾರ ಕಸುಬಿಗೆ ಪೆಟ್ಟು ಬೀಳುವುದೋ ಅವರದೇ ಸಂಘ. ಮೂತ್ರರೋಗ ತಜ್ಞರು ಇದನ್ನೆತ್ತಿ ಆಕ್ಷೇಪಿಸಿದರು. ರೋಗಿಗೆ ಎಲ್ಲವೂ ಒಂದೇ ಸೂರಿನಡಿ ದೊರೆಯುವುದು ಅನುಕೂಲವಲ್ಲವೇ ಎಂದೂ ವಾದಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ಹಣ ಯಾರು ಕೊಟ್ಟರೂ ಅಂಕಿಗಳು ಮೆಡಿಕೇರ್ ದಾಖಲೆಯವು, ಮತ್ತು ಹಣದ ಮೂಲವನ್ನು ಲೇಖನದಲ್ಲಿಯೇ ಬಹಿರಂಗವಾಗಿ ಹೇಳಲಾಗಿತ್ತು. ಹೇಳಿದ್ದರಿಂದಲೇ ಅಲ್ಲವೇ ನಾವು ಇಂದು ಅದನ್ನು ತೂಗಿ ನೋಡಲು ಸಾಧ್ಯವಾದದ್ದು?

ಹೀಗೆ ಬಹಿರಂಗಪಡಿಸುವುದನ್ನೇ ಅಮೆರಿಕ 2010ರ ಆರೋಗ್ಯ ಕಾನೂನಿನಲ್ಲಿ ಕಡ್ಡಾಯ ಮಾಡಿತು. ಔಷಧ ಹಾಗೂ ಉಪಕರಣ ಕಂಪನಿಗಳು ವೈದ್ಯರಿಗೆ ಕೊಡುವ ಹಣ, ಊಟ, ಪ್ರಯಾಣ ಎಲ್ಲದರ ಲೆಕ್ಕವನ್ನೂ 2014ರಿಂದ ಸಾರ್ವಜನಿಕರು ನೋಡಬಹುದು. ನಮ್ಮಲ್ಲಿ 2002ರ ವೈದ್ಯಕೀಯ ಮಂಡಳಿಯ ನಿಯಮಗಳು ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ನಿಷೇಧಿಸಿವೆ. 2024ರಲ್ಲಿ ಕೇಂದ್ರ ಸರಕಾರ ಔಷಧ ಕಂಪನಿಗಳ ಪ್ರಚಾರಕ್ಕೆ ಹೊಸ ಸಂಹಿತೆ ಹೊರಡಿಸಿತು. ಆದರೆ ಭಕ್ತರೊಬ್ಬರು ತಮ್ಮ ವೈದ್ಯರ ಹೆಸರು ಹುಡುಕಿ ನೋಡಬಹುದಾದ ಅಂತಹ ದಾಖಲೆ ನಮ್ಮ ದೇಶದಲ್ಲಿಲ್ಲ.

ಪರರ ಮನೆಯ ಕಸವನ್ನು ಇಷ್ಟು ಹೊತ್ತು ತೋರಿಸಿದ ನಾವು ನಮ್ಮ ಅಂಗಳವನ್ನೂ ತೋರಿಸದಿದ್ದರೆ ನ್ಯಾಯವಾಗದು. ಆಯುರ್ವೇದ ವೈದ್ಯರಲ್ಲಿ ಬಹುಮಂದಿ ಔಷಧವನ್ನು ತಾವೇ ಮಾರುತ್ತಾರೆ. ನಾವೂ ಮೂವತ್ತಕ್ಕೂ ಹೆಚ್ಚು ವರ್ಷ ಹಾಗೆಯೇ ಮಾಡಿದೆವು. ಊರಿನಲ್ಲಿ ಬೇರೆ ಅಂಗಡಿಯಿರಲಿಲ್ಲ ಎಂಬುದು ಮೊದಮೊದಲು ಸತ್ಯವಾದ ಕಾರಣವಾಗಿತ್ತು. ಅಂಗಡಿಗಳು ಬಂದ ಮೇಲೂ ನಾವು ಬಿಡಲಿಲ್ಲ. ಒಂದು ಚೂರ್ಣ ಸಾಕಾಗುವಲ್ಲಿ ಚೂರ್ಣ, ಲೇಹ್ಯ, ಘೃತ ಮೂರನ್ನೂ ಬರೆದ ದಿನಗಳಿಲ್ಲವೆಂದು ಎದೆ ಮುಟ್ಟಿಕೊಂಡು ಹೇಳಲಾರೆವು. ಪ್ರಯೋಗಾಲಯವೊಂದರ ಪ್ರತಿನಿಧಿ ತಿಂಗಳ ಕೊನೆಗೆ ಲಕೋಟೆ ತಂದಾಗ ಹಿಂದಿರುಗಿಸಿದ್ದೇವೆ. ಆದರೆ ಲೇಹ್ಯದ ಡಬ್ಬಿಯ ಮೇಲಿನ ಲಾಭವನ್ನು ಲಕೋಟೆಯೆಂದು ನಾವು ಎಣಿಸಿರಲಿಲ್ಲ. ಚಿಕಿತ್ಸೆಯನ್ನು ಸರಕಿನಂತೆ ಮಾರುವ ವೈದ್ಯನನ್ನು ಚರಕಸಂಹಿತೆ ಎಷ್ಟು ಕಠಿಣವಾಗಿ ಖಂಡಿಸುತ್ತದೆ ಎಂಬುದನ್ನು ವಿದ್ಯಾರ್ಥಿದೆಸೆಯಲ್ಲಿಯೇ ಓದಿದ್ದೆವು. ಬಸವಾದಿ ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನಿದ್ದನೆಂಬುದೂ, ವೈದ್ಯವೂ ಉಳಿದವುಗಳಂತೆ ಸತ್ಯಶುದ್ಧವಾಗಿರಬೇಕಾದ ಕಾಯಕವೆಂಬುದೂ ಮಠದ ಮಗುವಾಗಿ ಬೆಳೆದ ನಮಗೆ ಗೊತ್ತಿತ್ತು. ಗೊತ್ತಿದ್ದೂ ನಡೆದದ್ದು ಹೀಗೆ.

ಕ್ಯಾನ್ಸರಿನ ವಿಷಯದಲ್ಲಂತೂ ನಮ್ಮ ಪದ್ಧತಿಯ ಹೆಸರು ಹೇಳಿಕೊಂಡು ನಡೆಯುವ ವ್ಯಾಪಾರ ದೊಡ್ಡದು. ಕ್ಯಾನ್ಸರನ್ನಾಗಲಿ ಪ್ರಾಸ್ಟೇಟ್ ಗ್ರಂಥಿಯ ರೋಗಗಳನ್ನಾಗಲಿ ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿದೆ. ಎರಡೂ ಅದರ ಪಟ್ಟಿಯಲ್ಲಿವೆ. ಆದರೂ ಗೋಡೆಬರಹಗಳನ್ನೂ ಮೊಬೈಲಿನ ಸಂದೇಶಗಳನ್ನೂ ನೋಡುತ್ತಲೇ ಇದ್ದೇವೆ. ಕಷಾಯದಿಂದ ಪ್ರಾಸ್ಟೇಟ್ ಕ್ಯಾನ್ಸರ್ ವಾಸಿಯಾಗುತ್ತದೆಂದು ನಾವು ಹೇಳುವುದಿಲ್ಲ. ಹಸಿವು, ನಿದ್ರೆ, ಮಲಪ್ರವೃತ್ತಿ, ದೇಹಬಲ ಇವುಗಳನ್ನು ಕಾಪಾಡಲು ನೆರವಾಗಬಲ್ಲೆವು. ಅದನ್ನೂ ಕ್ಯಾನ್ಸರ್ ತಜ್ಞರಿಗೆ ತಿಳಿಸಿಯೇ ಮಾಡತಕ್ಕದ್ದು.

ಈ ಲೇಖನವನ್ನು ಓದಿ ಯಾರಾದರೂ 'ವೈದ್ಯರೆಲ್ಲ ಹಣಕ್ಕಾಗಿ ಹೇಳುವವರು' ಎಂದು ಕಡತವನ್ನು ಅಟ್ಟಕ್ಕೆಸೆದರೆ ಅದರಷ್ಟು ಅನರ್ಥ ಬೇರೊಂದಿಲ್ಲ. ನಮ್ಮ ಹಳ್ಳಿಗಳಲ್ಲಿ ಬಹಳಷ್ಟು ಹಿರಿಯರು ಬರುವುದೇ ರೋಗ ಎಲುಬಿಗೆ ಹಬ್ಬಿ ಸೊಂಟನೋವು ತಾಳಲಾಗದಾದಾಗ. ಅಂತಹವರಿಗೆ ಕಾದು ನೋಡುವ ಮಾತು ಸಲ್ಲದು. ಹಾರ್ಮೋನ್ ತಗ್ಗಿಸುವ ಚಿಕಿತ್ಸೆ ಅವರಿಗೆ ವರ್ಷಗಳನ್ನು ಕೊಡುತ್ತದೆ, ನೋವನ್ನು ಇಳಿಸುತ್ತದೆ. ಗ್ಲೀಸನ್ 8ಕ್ಕೆ ಮೇಲಿದ್ದವರು, ಪಿ.ಎಸ್.ಎ. ಬಹಳ ಏರಿದವರು, ಮೂತ್ರದಲ್ಲಿ ರಕ್ತ ಕಂಡವರು, ಕಾಲುಗಳಲ್ಲಿ ಬಲ ಕುಂದಿದವರು ಒಂದು ದಿನವನ್ನೂ ಕಳೆಯಬಾರದು. ನಾವು ಹೇಳುತ್ತಿರುವುದು ಸೌಮ್ಯ ರೋಗ ಪತ್ತೆಯಾಗಿ, ಯೋಚಿಸಲು ಕಾಲಾವಕಾಶವಿರುವವರ ವಿಷಯ. ಆ ಕಾಲಾವಕಾಶ ಸಾಮಾನ್ಯವಾಗಿ ವಾರಗಳಲ್ಲ, ತಿಂಗಳುಗಳು. 'ನಾಳೆಯೇ ದಾಖಲಾಗಿ' ಎಂಬ ಒತ್ತಡ ಅಲ್ಲಿ ಬೇಕಾಗಿಲ್ಲ.

ಅಂತಹವರು ಶಸ್ತ್ರಚಿಕಿತ್ಸಕರನ್ನೂ ವಿಕಿರಣ ತಜ್ಞರನ್ನೂ ಇಬ್ಬರನ್ನೂ ಕಾಣಬೇಕು, ಸಾಧ್ಯವಾದರೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ. ಬೆಂಗಳೂರಿನ ಕಿದ್ವಾಯಿಯಂತಹ ಸರಕಾರಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸುವುದು ಒಳ್ಳೆಯದು. ಹಲವು ವಿಭಾಗಗಳ ತಜ್ಞರು ಒಟ್ಟಿಗೆ ಕುಳಿತು ಒಬ್ಬ ರೋಗಿಯ ವಿಷಯ ಚರ್ಚಿಸುವ ಟ್ಯೂಮರ್ ಬೋರ್ಡ್ ಇದೆಯೇ ಎಂದು ವಿಚಾರಿಸಬೇಕು. "ನಾನು ಈಗ ಏನನ್ನೂ ಮಾಡಿಸದಿದ್ದರೆ ಏನಾಗುತ್ತದೆ?" ಎಂದು ಕೇಳಬೇಕು. "ಈ ಯಂತ್ರವಾಗಲಿ ಪ್ರಯೋಗಾಲಯವಾಗಲಿ ತಮ್ಮದೇ?" ಎಂದು ಕೇಳುವುದು ನಮ್ಮ ಜನರಿಗೆ ಸಂಕೋಚ; ವೈದ್ಯರನ್ನು ದೇವರೆಂದು ಕರೆದು ಬೆಳೆದವರು ನಾವು. ಆದರೂ ಕೈಮುಗಿದೇ ಕೇಳಬಹುದು. ಸರಿಯಾದ ವೈದ್ಯ ಸಿಟ್ಟಾಗುವುದಿಲ್ಲ. ಅಮೆರಿಕೆಯಲ್ಲಿಯೂ ಈ ಚರ್ಚೆಗಳೆಲ್ಲ ನಡೆದ ಮೇಲೆ ಸೌಮ್ಯ ರೋಗದಲ್ಲಿ ನಿಗಾವನ್ನು ಆರಿಸುವವರ ಪ್ರಮಾಣ ಏರಿದೆ: ಅಲ್ಲಿಯ ಮೂತ್ರರೋಗ ತಜ್ಞರ ಸಂಘದ ದಾಖಲೆಯಂತೆ 2014ರಲ್ಲಿ ನೂರಕ್ಕೆ ಸುಮಾರು 27 ಇದ್ದದ್ದು 2021ರಲ್ಲಿ ಸುಮಾರು 60ಕ್ಕೆ ಬಂದಿತು. ಆ ಲೆಕ್ಕವನ್ನು ಇಟ್ಟವರೂ ಮೂತ್ರರೋಗ ತಜ್ಞರೇ ಎಂಬುದನ್ನು ಮರೆಯಬಾರದು.

ನಮ್ಮ ಶಿಕ್ಷಕರು ಮೂರನೆಯ ತಜ್ಞರೊಬ್ಬರನ್ನು ಕಂಡರು. ಎಂ.ಆರ್.ಐ. ಆಯಿತು. ಈಗ ಆರು ತಿಂಗಳಿಗೊಮ್ಮೆ ಪಿ.ಎಸ್.ಎ. ಪರೀಕ್ಷೆ, ಬರುವ ವರ್ಷ ಮತ್ತೊಮ್ಮೆ ಬಯಾಪ್ಸಿ ಎಂದು ನಿಗದಿಯಾಗಿದೆ. ಅಂಕ ಏರಿದರೆ ಚಿಕಿತ್ಸೆಗೆ ತಡಮಾಡುವುದಿಲ್ಲವೆಂದು ನಮಗೆ ಮಾತು ಕೊಟ್ಟಿದ್ದಾರೆ. ಮೊನ್ನೆ ಮಂಡಿನೋವಿಗೆ ತೈಲ ಕೇಳಲು ಬಂದಿದ್ದರು. ನಾವು ಚೀಟಿ ಬರೆದುಕೊಟ್ಟೆವು. ಅದನ್ನು ಎರಡು ಬಾರಿ ತಿರುಗಿಸಿ ನೋಡಿ, "ಇದನ್ನ ಎಲ್ಲಿ ಬೇಕಾದ್ರೂ ತಗೋಬಹುದಾ?" ಎಂದು ಕೇಳಿದರು. ಎಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು ಎಂದೆವು.